ಸ್ನಾನದ ಕೋಣೆಯ ತಕ್ಕಡಿ ಎಷ್ಟು ನಿಖರ?

ನಿನ್ನೆ ಬೆಳಗ್ಗೆ 68.4 ಕಿ.ಗ್ರಾಂ. ಇಂದು ಬೆಳಗ್ಗೆ 69.3. ಒಂದೇ ದಿನದಲ್ಲಿ 900 ಗ್ರಾಂ ಕೊಬ್ಬು ಮೈಗೆ ಹತ್ತಿತೆ, ಅಥವಾ ಕಾಲ ಕೆಳಗಿನ ತಕ್ಕಡಿಯೇ ತಪ್ಪು ಹೇಳುತ್ತಿದೆಯೆ? 'ಬಾತ್‌ರೂಮ್ ಸ್ಕೇಲ್' ಎಂಬ ಹೆಸರು ಹೊತ್ತರೂ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮಂಚದ ಅಡಿಯಲ್ಲಿ ವಾಸಿಸುವ ಈ ಉಪಕರಣವನ್ನು ಕೊಂಡವರೆಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಪ್ರಶ್ನೆ ಇದು. ತರಗತಿಯಲ್ಲಿ ಇದನ್ನು ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ತಕ್ಕಡಿಯನ್ನೇ ದೂರುತ್ತಾರೆ. ದೂರುವುದಕ್ಕೆ ಕಾರಣಗಳೂ ಇವೆ. ಆದರೆ ಮನುಷ್ಯನ ಮೈತೂಕವನ್ನು ಅಳೆದ ನಾಲ್ಕು ಶತಮಾನಗಳ ಕಥೆಯನ್ನು ನೋಡಿದರೆ ತಕ್ಕಡಿಯ ದೋಷ ಎಲ್ಲಿ ಮುಗಿಯುತ್ತದೆ, ಶರೀರದ ಏರಿಳಿತ ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಇದನ್ನು ಮೊತ್ತಮೊದಲು ಕಂಡುಕೊಂಡವನ ಬಳಿ ಇದ್ದದ್ದು ಒಂದು ಸನ್ನೆಕೋಲು ಮತ್ತು ಒಂದು ಕುರ್ಚಿ.

ಮನುಷ್ಯನನ್ನು ತೂಗುವುದು ಅದಕ್ಕೂ ಹಳೆಯದು. ಹಂಪಿಯ ವಿಜಯವಿಠ್ಠಲ ದೇವಾಲಯದ ಸನಿಹ ಎರಡು ಕಲ್ಲುಕಂಬಗಳ ಮೇಲೆ ಅಡ್ಡತೊಲೆ ಹೊತ್ತ ತುಲಾಭಾರದ ಕಟ್ಟಡವನ್ನು ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ನೋಡಿರುತ್ತಾರೆ. ಅಲ್ಲಿ ಅರಸನ ತೂಕ 'ಎಷ್ಟು' ಎಂಬ ಅಂಕೆ ಯಾರಿಗೂ ಬೇಕಿರಲಿಲ್ಲ. ಎದುರಿನ ತಟ್ಟೆಯಲ್ಲಿ ಚಿನ್ನ ಅಷ್ಟೇ ಇದ್ದರೆ ಸಾಕು. ಮೊಗಲ್ ದರಬಾರಿನಲ್ಲಿಯೂ ಹುಟ್ಟುಹಬ್ಬದ ದಿನ ಬಾದಶಹನನ್ನು ತೂಗುವ ಪದ್ಧತಿ ಇತ್ತು. 1617ರಲ್ಲಿ ಮಾಂಡುವಿನಲ್ಲಿ ಜಹಾಂಗೀರನ ತುಲಾಭಾರವನ್ನು ಕಂಡ ಇಂಗ್ಲಿಷ್ ರಾಯಭಾರಿ ಥಾಮಸ್ ರೋ, ಚಿನ್ನ ರತ್ನಗಳೆಂದು ತಟ್ಟೆಗೆ ಹಾಕಿದ್ದೆಲ್ಲ ಚೀಲಗಳೊಳಗೆ ಇದ್ದುದರಿಂದ ತನಗೆ ಏನೂ ಕಾಣಲಿಲ್ಲವೆಂದು ಬರೆದಿಟ್ಟಿದ್ದಾನೆ. ಅಳತೆಯನ್ನು ಸಂಶಯದಿಂದ ನೋಡುವ ಅಭ್ಯಾಸ ಒಳ್ಳೆಯದೇ!

ಕುರ್ಚಿಯಲ್ಲಿ ಕುಳಿತ ವೈದ್ಯ

ರೋ ಮಾಂಡುವಿಗೆ ಬರುವುದಕ್ಕೆ ಮೂರು ವರ್ಷ ಮೊದಲು, 1614ರಲ್ಲಿ, ವೆನಿಸ್ಸಿನಲ್ಲಿ 'ಡೆ ಸ್ಟಾಟಿಕಾ ಮೆಡಿಸಿನಾ' ಎಂಬ ಚಿಕ್ಕ ಲ್ಯಾಟಿನ್ ಪುಸ್ತಕ ಪ್ರಕಟವಾಯಿತು. ಬರೆದವನು ಸಾಂಟೋರಿಯೊ ಸಾಂಟೋರಿಯೊ (1561-1636). ಈಗ ಸ್ಲೊವೇನಿಯಕ್ಕೆ ಸೇರಿರುವ ಕಾಪೊಡಿಸ್ಟ್ರಿಯದಲ್ಲಿ ಹುಟ್ಟಿ, 1611ರಿಂದ ಪಾದುವ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದವನು. ಗೆಲಿಲಿಯೊನ ಸಮಕಾಲೀನ. ನಾಡಿಯ ವೇಗವನ್ನು ಲೋಲಕದ ನೆರವಿನಿಂದ ಅಳೆದವನು, ಉಷ್ಣದರ್ಶಕಕ್ಕೆ ಅಳತೆಪಟ್ಟಿ ಜೋಡಿಸಿ ರೋಗಿಯ ಬಾಯಿಗಿಟ್ಟವನು ಇವನೇ. ವೈದ್ಯನು 'ಜ್ವರ ಹೆಚ್ಚು, ನಾಡಿ ಚುರುಕು' ಎಂದರೆ ಸಾಲದು, ಎಷ್ಟು ಹೆಚ್ಚು ಎಂದು ಹೇಳಬೇಕು ಎಂಬುದು ಇವನ ಹಟ.

ಸಾಂಟೋರಿಯೊನ ತಕ್ಕಡಿ ಸಮತೋಳಿನದಲ್ಲ. ಒಂದು ಕಡೆ ಗಿಡ್ಡ ತೋಳು, ಇನ್ನೊಂದು ಕಡೆ ಉದ್ದ ತೋಳು ಇರುವ ಸನ್ನೆಕೋಲು. ರೋಮನ್ನರ ಕಾಲದಿಂದಲೂ ಸಂತೆಗಳಲ್ಲಿ ಬಳಕೆಯಲ್ಲಿದ್ದದ್ದು. ಗಿಡ್ಡ ತೋಳಿನಿಂದ ಕುರ್ಚಿಯನ್ನು ತೂಗುಹಾಕಿ, ಉದ್ದ ತೋಳಿನ ಮೇಲೆ ಚಿಕ್ಕದೊಂದು ತೂಕವನ್ನು ಸರಿಸುತ್ತ ಹೋದರೆ ಕೋಲು ಮಟ್ಟವಾಗುವ ಜಾಗವೇ ಮೈತೂಕವನ್ನು ತಿಳಿಸುತ್ತದೆ. ಕುರ್ಚಿಯ ಮುಂದೆ ಊಟದ ಮೇಜು. ನಿಗದಿಪಡಿಸಿದಷ್ಟು ಆಹಾರ ಹೊಟ್ಟೆ ಸೇರಿದೊಡನೆ ಕುರ್ಚಿ ಕೆಳಕ್ಕಿಳಿದು, ಊಟ ಸಾಕೆಂದು ಸೂಚಿಸುವ ಏರ್ಪಾಟೂ ಇತ್ತು. ತಿಂದದ್ದು, ಕುಡಿದದ್ದು, ಹೊರಹೋದ ಮಲಮೂತ್ರ ಎಲ್ಲವನ್ನೂ ತೂಗಿ ಜಮಾ-ಖರ್ಚು ಬರೆದಾಗ ಲೆಕ್ಕ ಹೊಂದಲಿಲ್ಲ. ಹೊರಹೋದದ್ದಕ್ಕಿಂತ ಒಳಹೋದದ್ದು ಬಹಳ ಹೆಚ್ಚು. ಆದರೂ ಮೈತೂಕ ಏರಿರಲಿಲ್ಲ! ದಿನಕ್ಕೆ 8 ಪೌಂಡ್ ಆಹಾರ-ಪಾನೀಯ ಸೇವಿಸಿದರೆ ಅದರಲ್ಲಿ ಸುಮಾರು 5 ಪೌಂಡ್ ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ ಎಂದು ಅವನು ಲೆಕ್ಕ ಕೊಟ್ಟ. ಚರ್ಮದಿಂದ ಮತ್ತು ಉಸಿರಿನಿಂದ ನಡೆಯುವ ಈ ನಷ್ಟಕ್ಕೆ 'ಅಗೋಚರ ಬೆವರುವಿಕೆ' ಎಂಬ ಹೆಸರು ಬಂದಿತು. ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ವೈದ್ಯರ ಕೈಯಲ್ಲಿ ಓಡಾಡಿತು.

ಸಾಂಟೋರಿಯೊನ ವೈದ್ಯಕೀಯ ತೀರ್ಮಾನಗಳಲ್ಲಿ ಬಹುಪಾಲು ಇಂದು ನಿಲ್ಲುವುದಿಲ್ಲ. ಅಗೋಚರ ಬೆವರು ತಡೆಯಾಗುವುದೇ ರೋಗಗಳ ಮೂಲ ಎಂದು ಅವನು ನಂಬಿದ್ದ. ಆದರೆ ಅಳತೆಗಾರನಾಗಿ ಅವನು ಮಾಡಿದ ಒಂದು ಆಯ್ಕೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಅವನಿಗೆ ಬೇಕಾಗಿದ್ದದ್ದು ಮೈತೂಕವಲ್ಲ, ತೂಕದ ವ್ಯತ್ಯಾಸ. ಅದೇ ಕೋಲು, ಅದೇ ಕುರ್ಚಿ, ಅದೇ ಉಡುಪು. ಕುರ್ಚಿಯ ತೂಕ ತಪ್ಪಾಗಿ ಗೊತ್ತಿದ್ದರೂ ಬೆಳಗಿನ ತೂಕದಿಂದ ರಾತ್ರಿಯ ತೂಕವನ್ನು ಕಳೆಯುವಾಗ ಆ ತಪ್ಪು ಹೊರಟುಹೋಗುತ್ತದೆ. ಒಂದು ತಕ್ಕಡಿ ನಿಜವಾದ ಬೆಲೆಗೆ ಎಷ್ಟು ಹತ್ತಿರ ಎಂಬುದು ಒಂದು ಗುಣ. ಅದೇ ಹೊರೆಗೆ ಪ್ರತಿಬಾರಿಯೂ ಅದೇ ಅಂಕೆ ತೋರುತ್ತದೆಯೆ ಎಂಬುದು ಇನ್ನೊಂದು. ಮೊದಲನೆಯದು ನಿಖರತೆ, ಎರಡನೆಯದು ಪುನರಾವರ್ತನೀಯತೆ. ಮೈತೂಕದ ಏರಿಳಿತವನ್ನು ಗಮನಿಸುವವನಿಗೆ ಹೆಚ್ಚು ಬೇಕಾದದ್ದು ಎರಡನೆಯದು.

ರಾತ್ರಿ ಮಲಗುವಾಗ ಮತ್ತು ಬೆಳಗ್ಗೆ ಏಳುವಾಗ ತೂಗಿ ನೋಡಿದರೆ ಸಾಂಟೋರಿಯೊ ಕಂಡದ್ದನ್ನು ನೀವೂ ಕಾಣಬಹುದು. ಏನೂ ವಿಸರ್ಜಿಸದಿದ್ದರೂ ತೂಕ ಇಳಿದಿರುತ್ತದೆ. ಇದರಲ್ಲಿ ಉಸಿರಿನ ಅನಿಲಗಳ ಪಾಲೆಷ್ಟು? ವಿಶ್ರಾಂತಿಯಲ್ಲಿರುವ ವಯಸ್ಕ ನಿಮಿಷಕ್ಕೆ ಸುಮಾರು 250 ಮಿ.ಲೀ. ಆಕ್ಸಿಜನ್ ಒಳಗೆಳೆದು ಸುಮಾರು 200 ಮಿ.ಲೀ. ಕಾರ್ಬನ್ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಒಂದು ಲೀಟರ್ ಆಕ್ಸಿಜನ್ 1.43 ಗ್ರಾಂ, ಕಾರ್ಬನ್ ಡೈಆಕ್ಸೈಡ್ 1.96 ಗ್ರಾಂ ತೂಗುತ್ತದೆ. ಗುಣಿಸಿ ನೋಡಿದರೆ ನಿಮಿಷಕ್ಕೆ ಒಳಬಂದದ್ದು 0.357 ಗ್ರಾಂ, ಹೋದದ್ದು 0.392 ಗ್ರಾಂ. ನಷ್ಟ ನಿಮಿಷಕ್ಕೆ 0.035 ಗ್ರಾಂ. ಎಂಟು ಗಂಟೆಗಳ ನಿದ್ದೆಗೆ ಇದು ಬರೀ 17 ಗ್ರಾಂ. ಉಳಿದದ್ದೆಲ್ಲ ಶ್ವಾಸಕೋಶ ಮತ್ತು ಚರ್ಮದಿಂದ ಆವಿಯಾದ ನೀರು, ರಾತ್ರಿಯೊಂದಕ್ಕೆ ಸಾಧಾರಣವಾಗಿ 200ರಿಂದ 300 ಗ್ರಾಂ. ಸೆಕೆಗಾಲದಲ್ಲಿ ಇನ್ನೂ ಹೆಚ್ಚು. ಚರ್ಮದ ಪಾಲನ್ನೂ ಶ್ವಾಸಕೋಶದ ಪಾಲನ್ನೂ ಬೇರ್ಪಡಿಸಲು 1790ರ ಸುಮಾರಿಗೆ ಲೆವಾಸಿಯೆ ಮತ್ತು ಅವನ ಸಹಾಯಕ ಸೆಗ್ಯಾನ್ ಪ್ರಯೋಗ ನಡೆಸಿದರು. ಗಾಳಿಯಾಡದ ಚೀಲದೊಳಗೆ ಹೊಕ್ಕು ಬಾಯಿಯನ್ನು ಮಾತ್ರ ಹೊರಗಿಟ್ಟು ತೂಗಿಸಿಕೊಂಡವನು ಸೆಗ್ಯಾನ್.

ಬೂಟು ಸಹಿತ, ಟೋಪಿ ರಹಿತ

ಪ್ರಯೋಗಶಾಲೆಯ ಹೊರಗೆ ಮೈತೂಕ ನೋಡಿಕೊಳ್ಳುವುದು ಶ್ರೀಮಂತರ ಗೀಳಾಗಿ ಆರಂಭವಾಯಿತು. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಒಂದು ಅಂಗಡಿಯಲ್ಲಿ ಕಾಫಿ ಮೂಟೆ ತೂಗಲು ದೊಡ್ಡ ತಕ್ಕಡಿ ಇತ್ತು. ಇಂದು ಬೆರಿ ಬ್ರದರ್ಸ್ ಅಂಡ್ ರಡ್ ಎಂಬ ಮದ್ಯದ ಅಂಗಡಿಯಾಗಿರುವ ಅಲ್ಲಿ 1765ರಿಂದ ಗಿರಾಕಿಗಳ ತೂಕವನ್ನು ಬರೆದಿಟ್ಟ ಪುಸ್ತಕಗಳು ಉಳಿದಿವೆ. ಕವಿ ಬೈರನ್ 1806ರಲ್ಲಿ 13 ಸ್ಟೋನ್ 12 ಪೌಂಡ್, ಎಂದರೆ ಸುಮಾರು 88 ಕಿ.ಗ್ರಾಂ ಇದ್ದ. 1811ರ ಹೊತ್ತಿಗೆ ಅವನು 63 ಕಿ.ಗ್ರಾಂಗಿಂತಲೂ ಕೆಳಗಿಳಿದಿದ್ದ. ಕಠಿಣ ಪಥ್ಯದ ಗೀಳು ಅವನಿಗಿತ್ತು.

ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಬೈರನ್ನನ ಪಥ್ಯವಲ್ಲ, ಅಂಗಡಿಯವನ ಶಿಸ್ತು. 1806ರ ನಮೂದಿನ ಪಕ್ಕದಲ್ಲಿ ಬೂಟು ಹಾಕಿದ್ದ, ಟೋಪಿ ಇರಲಿಲ್ಲ ಎಂಬ ಟಿಪ್ಪಣಿ ಇದೆ. ಅಳತೆಯ ಜೊತೆಗೆ ಅಳತೆಯ ಸಂದರ್ಭವನ್ನೂ ಬರೆದಿಡಬೇಕೆಂದು ನಾವು ವಿದ್ಯಾರ್ಥಿಗಳಿಗೆ ಪ್ರಯೋಗ ಪುಸ್ತಕದಲ್ಲಿ ವರ್ಷಪೂರ್ತಿ ಹೇಳಿದರೂ ಅವರು ಮರೆಯುತ್ತಾರೆ. ಕಾಫಿ ವ್ಯಾಪಾರಿ ಮರೆತಿರಲಿಲ್ಲ. ಉಡುಪು, ಚಪ್ಪಲಿ, ಕಿಸೆಯಲ್ಲಿನ ಮೊಬೈಲು ಸೇರಿದರೆ ಒಂದೂವರೆ ಕಿಲೋಗ್ರಾಮ್ ಸುಲಭವಾಗಿ ಬರುತ್ತದೆ.

ಸ್ಪ್ರಿಂಗು ಬಂದಾಗ ಬದಲಾದದ್ದು

ತುಲಾಭಾರ, ಸನ್ನೆಕೋಲು, ಕಾಫಿ ತಕ್ಕಡಿ ಇವೆಲ್ಲ ಒಂದು ವಸ್ತುವಿನ ರಾಶಿಯನ್ನು ಇನ್ನೊಂದರ ರಾಶಿಯೊಡನೆ ಹೋಲಿಸುತ್ತವೆ. ಭೂಮಿಯ ಗುರುತ್ವ ಎರಡೂ ಬದಿಗೆ ಸಮಾನವಾಗಿರುವುದರಿಂದ ಅದು ಹೆಚ್ಚಿರಲಿ ಕಡಿಮೆ ಇರಲಿ, ಕೋಲು ಮಟ್ಟವಾಗುವ ಜಾಗ ಬದಲಾಗದು. ಸ್ಪ್ರಿಂಗು ಹಾಗಲ್ಲ. ಹೊರೆ ಹೆಚ್ಚಿದಷ್ಟೂ ಸ್ಪ್ರಿಂಗು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1676ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ಅದರ ಅರ್ಥವನ್ನು ಬಿಡಿಸಿಟ್ಟ. ಸ್ಪ್ರಿಂಗಿಗೆ ತಿಳಿಯುವುದು ಬಲ ಮಾತ್ರ. ರಾಶಿ ಅಷ್ಟೇ ಇದ್ದರೂ ಗುರುತ್ವ ಕಡಿಮೆಯಾದರೆ ಅದು ಕಡಿಮೆ ಹಿಗ್ಗುತ್ತದೆ. ಹುಕ್ ಇದನ್ನು ದೋಷವೆಂದು ಭಾವಿಸಲಿಲ್ಲ. ಭೂಕೇಂದ್ರದಿಂದ ಬೇರೆ ಬೇರೆ ದೂರಗಳಲ್ಲಿ ಗುರುತ್ವ ಹೇಗೆ ಬದಲಾಗುತ್ತದೆ ಎಂಬುದನ್ನು ಪತ್ತೆಹಚ್ಚಲು ಇದೇ ಸಾಧನವೆಂದು ಸೂಚಿಸಿದ.

ಆ ಬದಲಾವಣೆ ನಿಜವೆಂಬುದಕ್ಕೆ ಆಗಲೇ ಸಾಕ್ಷ್ಯ ಸಿಕ್ಕಿತ್ತು. 1672ರಲ್ಲಿ ಫ್ರಾನ್ಸಿನ ಜ್ಯಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್ನಿಗೆ ಲೋಲಕದ ಗಡಿಯಾರ ಒಯ್ದ. ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಗಡಿಯಾರ ಸಮಭಾಜಕ ವೃತ್ತದ ಸಮೀಪದ ಆ ಊರಿನಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಭೂಮಿ ಸಮಭಾಜಕದಲ್ಲಿ ಉಬ್ಬಿರುವುದರಿಂದಲೂ ಆವರ್ತನೆಯಿಂದಲೂ ಗುರುತ್ವ ವೇಗೋತ್ಕರ್ಷ ಅಲ್ಲಿ ಸೆಕೆಂಡಿನ ವರ್ಗಕ್ಕೆ 9.780 ಮೀಟರ್, ಧ್ರುವದಲ್ಲಿ 9.832 ಮೀಟರ್. ವ್ಯತ್ಯಾಸ ಶೇಕಡ ಅರ್ಧದಷ್ಟು.

ಇದರಿಂದ ನಮಗೇನು? ಲಂಡನ್ನಿನಲ್ಲಿ ಈ ಬೆಲೆ 9.81, ಬೆಂಗಳೂರಿನಲ್ಲಿ 9.78. ಅಲ್ಲಿ ತೂಕದ ಬಟ್ಟುಗಳನ್ನಿಟ್ಟು ಅಂಕೆ ಹೊಂದಿಸಿದ ಸ್ಪ್ರಿಂಗು ತಕ್ಕಡಿಯನ್ನು ಪೆಟ್ಟಿಗೆಯಲ್ಲಿ ತುಂಬಿ ಬೆಂಗಳೂರಿಗೆ ತಂದರೆ, 70 ಕಿ.ಗ್ರಾಂ ರಾಶಿಯ ಮನುಷ್ಯನಿಗೆ ಅದು ಸುಮಾರು 200 ಗ್ರಾಂ ಕಡಿಮೆ ತೋರುತ್ತದೆ. ಹೊರದೇಶದಲ್ಲಿರುವ ಮಗ ತಂದುಕೊಟ್ಟ ತಕ್ಕಡಿಯಲ್ಲಿ ತೂಕ ಕಡಿಮೆಯಾಯಿತೆಂದು ಸಂತೋಷಪಟ್ಟವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು! ಆದರೆ ಇದು ಪ್ರತಿದಿನವೂ ಒಂದೇ ರೀತಿಯಲ್ಲಿರುವ ದೋಷ. ಏರಿಳಿತದ ದಾಖಲೆಯನ್ನು ಕೆಡಿಸದು. ಗಾಳಿಯ ಉತ್ಪ್ಲಾವನವೂ ಹೀಗೆಯೇ: 70 ಲೀಟರ್ ಗಾತ್ರದ ಶರೀರವನ್ನು ಗಾಳಿ ಸುಮಾರು 80 ಗ್ರಾಂನಷ್ಟು ಮೇಲಕ್ಕೆತ್ತುತ್ತದೆ. (ದೀರ್ಘವಾಗಿ ಉಸಿರೆಳೆದು ನಿಂತರೆ ತಕ್ಕಡಿಯ ಅಂಕೆ ಬದಲಾದೀತೆ? ವಿದ್ಯಾರ್ಥಿಗಳು ಯೋಚಿಸಲಿ. ಒಳಹೋದ ಗಾಳಿಯ ತೂಕವನ್ನೂ, ಉಬ್ಬಿದ ಎದೆ ಪಕ್ಕಕ್ಕೆ ಸರಿಸಿದ ಗಾಳಿಯ ತೂಕವನ್ನೂ ಹೋಲಿಸಬೇಕು.)

ಎಲ್ಲಿ ನಿಂತರೂ ಅದೇ ತೂಕ

ಸ್ಪ್ರಿಂಗು ತಕ್ಕಡಿಗಳನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಬಿಲ್‌ಸ್ಟನ್ನಿನಲ್ಲಿ ರಿಚರ್ಡ್ ಸಾಲ್ಟರ್ ತಯಾರಿಸತೊಡಗಿದ. ಆದರೆ ಮನುಷ್ಯನನ್ನು ಕೊಕ್ಕೆಗೆ ತೂಗುಹಾಕುವುದು ಹೇಗೆ? ಮೇಲೆ ಹತ್ತಿ ನಿಲ್ಲುವ ಹಲಗೆಯ ತಕ್ಕಡಿ ಬೇಕು. ಅದರಲ್ಲೊಂದು ತೊಡಕಿದೆ. ಸಾಮಾನ್ಯ ಸನ್ನೆಯಲ್ಲಿ ಹೊರೆ ಆಧಾರಬಿಂದುವಿನಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಅಂಕೆ ಬದಲಾಗುತ್ತದೆ. ಹಲಗೆಯ ಮೇಲೆ ಒಂದಂಗುಲ ಆಚೆ ನಿಂತರೆ ತೂಕವೇ ಬೇರೆ!

ಈ ತೊಡಕನ್ನು ಬಿಡಿಸಿದ್ದು ಗಾಡಿ ತೂಗುವವರು. 1740ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಜಾನ್ ವಯಾಟ್ ಹಲವು ಸನ್ನೆಗಳನ್ನು ಸೇರಿಸಿ ತುಂಬಿದ ಗಾಡಿಯನ್ನೇ ತೂಗುವ ಯಂತ್ರ ರಚಿಸಿದ. 1831ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ಥ್ಯಾಡಿಯಸ್ ಫೇರ್‌ಬ್ಯಾಂಕ್ಸ್, ಸೆಣಬಿನಂತಹ ನಾರಿನ ಗಿಡಗಳ ಹೊರೆಗಾಡಿಗಳಿಗಾಗಿ ಇಂತಹದೇ ಯಂತ್ರಕ್ಕೆ ಪೇಟೆಂಟ್ ಪಡೆದ. ಉಪಾಯ ಸರಳ. ಹಲಗೆಯನ್ನು ನಾಲ್ಕು ಮೂಲೆಗಳಲ್ಲಿ ನಾಲ್ಕು ಸನ್ನೆಗಳ ಮೇಲೆ ಕೂರಿಸಿ, ನಾಲ್ಕರ ತೋಳುಗಳ ಅನುಪಾತವೂ ಒಂದೇ ಆಗಿರುವಂತೆ ಮಾಡುವುದು. ನೀವು ಎಡಕ್ಕೆ ಸರಿದು ನಿಂತರೆ ಎಡದ ಸನ್ನೆಗಳಿಗೆ ಹೆಚ್ಚು ಭಾರ, ಬಲದವಕ್ಕೆ ಅಷ್ಟೇ ಕಡಿಮೆ. ಅನುಪಾತ ಒಂದೇ ಇರುವುದರಿಂದ ಕೊನೆಗೆ ಕೂಡಿ ಬರುವ ಬಲ ಬದಲಾಗದು. ಮುಳ್ಳಿರುವ ಹಳೆಯ ಮನೆತಕ್ಕಡಿಯೊಂದು ಗುಜರಿಗೆ ಹೋಗುವ ಮೊದಲು ಅದರ ಮುಚ್ಚಳ ಬಿಚ್ಚಿ ನೋಡಿ. ಎರಡು ಉದ್ದ ಸನ್ನೆಗಳು, ಅವುಗಳ ಮೇಲೆ ಆನಿಕೊಂಡ ಎರಡು ಗಿಡ್ಡ ಸನ್ನೆಗಳು, ಎಲ್ಲವೂ ಸೇರಿ ಎಳೆಯುವ ಒಂದೇ ದಪ್ಪ ಸ್ಪ್ರಿಂಗು, ಅಂಕೆಗಳ ಬಿಲ್ಲೆಯನ್ನು ತಿರುಗಿಸುವ ಒಂದು ಹಲ್ಲುಪಟ್ಟಿ ಕಾಣಿಸುತ್ತವೆ. ವಯಾಟನ ಗಾಡಿತಕ್ಕಡಿಯೇ ಚಪ್ಪಟೆಯಾಗಿ ಮಂಚದಡಿ ಸೇರಿದೆ.

ಅದರ ದೋಷಗಳೂ ಅಲ್ಲಿಯೇ ಇವೆ. ಮೂಲೆಯ ಸನ್ನೆಗಳ ಅನುಪಾತ ಕೊಂಚ ಬೇರೆ ಬೇರೆ ಆದರೆ ನಿಂತ ಜಾಗಕ್ಕೆ ತಕ್ಕಂತೆ ತೂಕ ಬದಲಾಗುತ್ತದೆ. ತುಕ್ಕು, ಧೂಳು, ಸವೆದ ಅಲಗುಗಳಿಂದ ಘರ್ಷಣೆ ಹೆಚ್ಚುತ್ತದೆ. ದಪ್ಪ ರತ್ನಗಂಬಳಿಯ ಮೇಲಿಟ್ಟರೆ ಇಂತಹ ತಕ್ಕಡಿ ಹೆಚ್ಚು ತೂಕ ತೋರಿಸುವುದೇಕೆ ಎಂಬುದನ್ನು 2002ರಲ್ಲಿ ಕೇಂಬ್ರಿಜ್ಜಿನ ಭೌತವಿಜ್ಞಾನಿ ಡೇವಿಡ್ ಮೆಕೇ ಮತ್ತು ಅವರ ವಿದ್ಯಾರ್ಥಿ ವಿವರಿಸಿದರು. ಗಟ್ಟಿ ನೆಲದ ಮೇಲೆ ನಾಲ್ಕು ಕಾಲುಗಳಲ್ಲಿ ನಿಂತ ತಕ್ಕಡಿಯ ತಳದ ತಗಡು ನಮ್ಮ ಭಾರಕ್ಕೆ ಕೊಂಚ ಬಾಗುತ್ತದೆ. ಇದರಿಂದ ಸನ್ನೆಯ ಆಧಾರಬಿಂದುವಿಗೂ ಹೊರೆ ಬೀಳುವ ಬಿಂದುವಿಗೂ ನಡುವಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಪ್ರಮಾಣದಲ್ಲಿ ಕುಗ್ಗುತ್ತದೆ. ಆ ಅಂತರವೇ ಕೆಲವು ಮಿಲಿಮೀಟರ್ ಆದ್ದರಿಂದ ಅನುಪಾತದಲ್ಲಿ ಇದು ನಗಣ್ಯವಲ್ಲ. ತಯಾರಕರು ಗಟ್ಟಿ ನೆಲದ ಮೇಲೆ ಅಂಕೆ ಹೊಂದಿಸುವುದರಿಂದ ಈ ಬಾಗುವಿಕೆ ಲೆಕ್ಕದಲ್ಲಿ ಸೇರಿಹೋಗಿರುತ್ತದೆ. ಮೆತ್ತನೆಯ ಹಾಸಿನಲ್ಲಿ ಕಾಲುಗಳು ಹುಗಿದು ತಗಡಿಗೆ ತಳದಿಂದ ಆಸರೆ ಸಿಕ್ಕಾಗ ಅದು ಬಾಗುವುದಿಲ್ಲ. ತೋಳು ಪೂರ್ಣ ಉದ್ದದಲ್ಲಿ ಉಳಿದು ಸ್ಪ್ರಿಂಗನ್ನು ಹೆಚ್ಚು ಎಳೆಯುತ್ತದೆ. ನಮ್ಮ ಮನೆಗಳಲ್ಲಿ ರತ್ನಗಂಬಳಿ ಅಪರೂಪ. ಇಲ್ಲಿನ ತೊಂದರೆ ಏರುಪೇರಾದ ಕಲ್ಲುಚಪ್ಪಡಿಗಳದು, ನಾಲ್ಕು ಕಾಲುಗಳಲ್ಲಿ ಮೂರೇ ನೆಲಕ್ಕೆ ತಾಗಿ ನಿಲ್ಲುವುದು.

1880ರ ದಶಕದಲ್ಲಿ ನಾಣ್ಯ ಹಾಕಿ ತೂಗಿಕೊಳ್ಳುವ ಯಂತ್ರಗಳು ಯೂರೋಪ್, ಅಮೆರಿಕಗಳ ರೈಲುನಿಲ್ದಾಣಗಳಲ್ಲಿಯೂ ಬೀದಿಗಳಲ್ಲಿಯೂ ನಿಂತವು. ನಮ್ಮ ಪ್ರಾಯದವರಿಗೆ ನೆನಪಿರುವುದು ಇವುಗಳ ಭಾರತೀಯ ಸಂತತಿ: ಬಣ್ಣದ ದೀಪಗಳು ಮಿನುಗುವ, ತೂಕದ ಜೊತೆಗೆ ಭವಿಷ್ಯವನ್ನೂ ಅಚ್ಚುಹಾಕಿದ ದಪ್ಪ ಚೀಟಿ ಉದುರಿಸುವ ಪ್ಲಾಟ್‌ಫಾರ್ಮಿನ ಯಂತ್ರ. ಭವಿಷ್ಯ ಹುಸಿಯಾದರೆ ಯಾರೂ ಬೇಸರಿಸುತ್ತಿರಲಿಲ್ಲ. ಮನೆಯೊಳಗೆ ಇಡುವಷ್ಟು ಚಿಕ್ಕ, ಅಗ್ಗದ ತಕ್ಕಡಿಗಳು ಅಮೆರಿಕದಲ್ಲಿ 1910-20ರ ದಶಕಗಳಲ್ಲಿ ಪ್ರಚಾರಕ್ಕೆ ಬಂದವು. ಎತ್ತರಕ್ಕೆ ತಕ್ಕ ತೂಕದ ಕೋಷ್ಟಕಗಳನ್ನು ವಿಮಾ ಕಂಪೆನಿಗಳು ಹಂಚಿದ್ದೂ ಇದಕ್ಕೆ ಒತ್ತು ಕೊಟ್ಟಿತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ, 1830ರ ದಶಕದ ಕೆಟ್ಲೆಯ ಸೂತ್ರಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟರು. ಈ ಸೂಚಿಯಲ್ಲಿ ಎತ್ತರ ವರ್ಗವಾಗಿ ಬರುವುದನ್ನು ಗಮನಿಸಿ. 160 ಸೆಂ.ಮೀ. ಎತ್ತರದವರನ್ನು ಒಂದು ಸೆಂಟಿಮೀಟರ್ ತಪ್ಪಾಗಿ ಅಳೆದರೆ ಸೂಚಿಯಲ್ಲಿ ಶೇಕಡ 1.25ರಷ್ಟು ದೋಷ. 60 ಕಿ.ಗ್ರಾಂ ತೂಕದಲ್ಲಿ 750 ಗ್ರಾಂ ತಪ್ಪಿದುದಕ್ಕೆ ಇದು ಸಮ. ಗೋಡೆಗೆ ಹಚ್ಚಿದ ಅಳತೆಪಟ್ಟಿಯನ್ನು ಯಾರೂ ಸಂಶಯಿಸುವುದಿಲ್ಲವೆನ್ನುವುದು ವಿಚಿತ್ರ.

ತಂತಿ ಹಿಗ್ಗಿದಾಗ

ಈಗಿನ ಗಾಜಿನ ತಕ್ಕಡಿಗಳಲ್ಲಿ ಸನ್ನೆಯೂ ಇಲ್ಲ, ಸುರುಳಿ ಸ್ಪ್ರಿಂಗೂ ಇಲ್ಲ. ಅವುಗಳ ಮೂಲತತ್ತ್ವ 1856ರದು. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್, ಲೋಹದ ತಂತಿಯನ್ನು ಎಳೆದು ಹಿಗ್ಗಿಸಿದರೆ ಅದರ ವಿದ್ಯುದ್ರೋಧ ಬದಲಾಗುತ್ತದೆಂದು ಆ ವರ್ಷ ತೋರಿಸಿಕೊಟ್ಟ. ಎಂಬತ್ತು ವರ್ಷ ಇದು ಪುಸ್ತಕದ ವಿಷಯವಾಗಿಯೇ ಉಳಿಯಿತು. 1938ರಲ್ಲಿ ಅಮೆರಿಕದ ಎರಡು ತುದಿಗಳಲ್ಲಿ ಇಬ್ಬರು, ಕ್ಯಾಲ್‌ಟೆಕ್‌ನ ಎಡ್ವರ್ಡ್ ಸಿಮ್ಮನ್ಸ್ ಮತ್ತು ಎಂಐಟಿಯ ಆರ್ಥರ್ ರೂಜ್, ಸಪುರ ತಂತಿಯನ್ನು ವಸ್ತುವಿನ ಮೈಗೇ ಅಂಟಿಸುವ ಉಪಾಯವನ್ನು ಸ್ವತಂತ್ರವಾಗಿ ಕಂಡುಕೊಂಡರು. ಭೂಕಂಪದಲ್ಲಿ ನೀರಿನ ತೊಟ್ಟಿಗಳು ಹೇಗೆ ವರ್ತಿಸುತ್ತವೆ ಎಂಬುದು ರೂಜ್‌ನ ಸಮಸ್ಯೆಯಾಗಿತ್ತು. ಇದರಿಂದ ಹೇಳಿಕೊಳ್ಳುವಂತಹ ವಾಣಿಜ್ಯ ಲಾಭವಿರದೆಂದು ಭಾವಿಸಿ ಎಂಐಟಿಯ ಪೇಟೆಂಟ್ ಸಮಿತಿ ಹಕ್ಕನ್ನು ಅವನಿಗೇ ಬಿಟ್ಟುಕೊಟ್ಟಿತು! ಇಂದು ದಿನಸಿ ಅಂಗಡಿಯಿಂದ ಲಾರಿ ತೂಗುವ ಸೇತುವೆಯವರೆಗೆ ಎಲ್ಲೆಡೆ ಇರುವುದು ಈ ವಿಕೃತಿಮಾಪಕ.

ತಕ್ಕಡಿಯ ನಾಲ್ಕು ಕಾಲುಗಳಲ್ಲಿ ನಾಲ್ಕು ಚಿಕ್ಕ ಉಕ್ಕಿನ ಪಟ್ಟಿಗಳು, ಅವುಗಳ ಮೇಲೆ ವಿಕೃತಿಮಾಪಕಗಳು. ನಾಲ್ಕನ್ನೂ ವೀಟ್‌ಸ್ಟನ್ ಸೇತುವೆಯ ವಿದ್ಯುನ್ಮಂಡಲದಲ್ಲಿ ಜೋಡಿಸುವುದರಿಂದ ಮೂಲೆಗಳ ಭಾರ ತಾನಾಗಿ ಕೂಡಿಕೆಯಾಗುತ್ತದೆ. ವಯಾಟ್ ಸನ್ನೆಗಳಿಂದ ಮಾಡಿದ ಸಂಕಲನವನ್ನು ಇಲ್ಲಿ ವಿದ್ಯುತ್ತು ಮಾಡುತ್ತದೆ. ಈಗ ಅಳೆಯಬೇಕಾದ ಪ್ರಮಾಣ ಎಷ್ಟು ಕಿರಿದೆಂದು ನೋಡಿ. 150 ಕಿ.ಗ್ರಾಂ ಪೂರ್ಣ ಹೊರೆಗೆ ಪಟ್ಟಿಯ ಮೈ ಸಾವಿರದಲ್ಲಿ ಒಂದು ಪಾಲು ಹಿಗ್ಗುತ್ತದೆ ಎಂದುಕೊಳ್ಳೋಣ. ರೋಧ ಅದರ ಇಮ್ಮಡಿ ಬದಲಾಗುತ್ತದೆ. 1000 ಓಮ್ ಇದ್ದದ್ದು 1002 ಓಮ್ ಆಗುತ್ತದೆ. ನೂರು ಗ್ರಾಂ ಎಂದರೆ ಇದರ 1500ನೆಯ ಒಂದು ಭಾಗ. ಎಂದರೆ 1000 ಓಮ್‌ನಲ್ಲಿ 0.0013 ಓಮ್ ಬದಲಾವಣೆಯನ್ನು ಕೆಲವು ನೂರು ರೂಪಾಯಿಗಳ ಉಪಕರಣ ಗುರುತಿಸಬೇಕು. ಈ ತಂತಿ ತಾಮ್ರದ್ದಾಗಿದ್ದರೆ, ಕೋಣೆಯ ಉಷ್ಣತೆ ಬರೀ ಒಂದು ಡಿಗ್ರಿ ಏರಿದಾಗ ರೋಧ 4 ಓಮ್ ಹೆಚ್ಚುತ್ತಿತ್ತು. 300 ಕಿ.ಗ್ರಾಂ ಹೊರೆಗೆ ಸಮನಾದದ್ದು! ಉಷ್ಣತೆಗೆ ಅಷ್ಟಾಗಿ ಜಗ್ಗದ ಕಾನ್‌ಸ್ಟಾಂಟನ್‌ನಂತಹ ಮಿಶ್ರಲೋಹ ಮತ್ತು ಎದುರುಬದುರು ತೋಳುಗಳ ದೋಷಗಳನ್ನು ಪರಸ್ಪರ ಕಳೆಯುವ ಸೇತುವೆ ಇಲ್ಲದಿದ್ದರೆ ಈ ತಕ್ಕಡಿ ಕೆಟ್ಟ ಉಷ್ಣತಾಮಾಪಕವಾಗುತ್ತಿತ್ತು.

ಅಂಕೆಗಳು ಹೊಳೆಯತೊಡಗಿದ ಮೇಲೆ ಒಂದು ಭ್ರಮೆಯೂ ಹುಟ್ಟಿತು. ಮುಳ್ಳಿನ ತಕ್ಕಡಿಯಲ್ಲಿ 68 ಮತ್ತು 69ರ ನಡುವೆ ಎಲ್ಲೋ ಇದ್ದೇನೆ ಎನ್ನುತ್ತಿದ್ದವರು ಈಗ 68.4 ಎನ್ನುತ್ತಾರೆ. ಪರದೆಯ ಕೊನೆಯ ಅಂಕೆ 100 ಗ್ರಾಂ ಆಗಿರುವುದು ತಕ್ಕಡಿಯ ನಿಖರತೆ 100 ಗ್ರಾಂ ಎಂಬುದಕ್ಕೆ ಸಾಕ್ಷಿಯಲ್ಲ. ಕೆಲವು ತಕ್ಕಡಿಗಳಂತೂ ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ತೀರ ಹತ್ತಿರವಿದ್ದರೆ ಹಳೆಯ ಅಂಕೆಯನ್ನೇ ಮತ್ತೆ ತೋರಿಸುತ್ತವೆ. ಕೊಂಡವನಿಗೆ ತಕ್ಕಡಿ ಬಲು ಸ್ಥಿರವೆನ್ನಿಸುತ್ತದೆ. ಇದನ್ನು ಜಾಣ್ಮೆ ಎನ್ನುವುದಕ್ಕಿಂತ ಮುಚ್ಚಾಟ ಎನ್ನುವುದೇ ಸರಿ.

ಒಂದು ಮಾತು ಇಲ್ಲಿಯೇ ಹೇಳಬೇಕು. ಬಲವನ್ನು ಅಳೆದು ರಾಶಿಯನ್ನು ಹೇಳುವ ಈ ವಿಧಾನ ಅಗ್ಗದ ಉಪಕರಣದ್ದು ಮಾತ್ರವಲ್ಲ. 2019ರ ಮೇ 20ರಂದು ಕಿಲೋಗ್ರಾಮಿನ ವ್ಯಾಖ್ಯೆ ಪ್ಯಾರಿಸ್ ಬಳಿಯ ಲೋಹದ ಉರುಳೆಯನ್ನು ಬಿಟ್ಟು ಪ್ಲಾಂಕ್ ನಿಯತಾಂಕಕ್ಕೆ ವರ್ಗಾವಣೆಯಾಯಿತು. ಅದನ್ನು ಕೈಗೂಡಿಸುವ ಕಿಬಲ್ ತಕ್ಕಡಿಯೂ ವಸ್ತುವಿನ ಭಾರವನ್ನು ವಿದ್ಯುದ್ಬಲದೊಡನೆ ತೂಗುತ್ತದೆ. ಆದ್ದರಿಂದ ಅದು ನಿಂತ ಜಾಗದ ಗುರುತ್ವವನ್ನು ಶತಕೋಟಿಯಲ್ಲಿ ಕೆಲವೇ ಪಾಲುಗಳ ಮಟ್ಟಕ್ಕೆ ಅಳೆಯಬೇಕಾಗುತ್ತದೆ. ಲಂಡನ್-ಬೆಂಗಳೂರುಗಳ 200 ಗ್ರಾಂ ಪ್ರಶ್ನೆಯೇ ಅಲ್ಲಿಯೂ ಇದೆ, ಅತಿಸೂಕ್ಷ್ಮ ರೂಪದಲ್ಲಿ.

ಯಾರಿಗೆ ಎಷ್ಟು ನಿಖರತೆ ಬೇಕು?

ಮೊದಲ ಪ್ರಶ್ನೆಗೆ ಬರೋಣ. ದಿನಕ್ಕೆ 500 ಕಿಲೋಕ್ಯಾಲರಿ ಕಡಿಮೆ ತಿನ್ನುವವನು ಎಷ್ಟು ಕೊಬ್ಬು ಕಳೆದುಕೊಳ್ಳುತ್ತಾನೆ? ಒಂದು ಕಿ.ಗ್ರಾಂ ಕೊಬ್ಬಿನ ಅಂಗಾಂಶಕ್ಕೆ ಸುಮಾರು 7700 ಕಿಲೋಕ್ಯಾಲರಿ ಎಂದು ಹಿಡಿದರೆ ದಿನಕ್ಕೆ 65 ಗ್ರಾಂ. ಇದು ಪರದೆಯ ಕೊನೆಯ ಅಂಕೆಗಿಂತಲೂ ಚಿಕ್ಕದು. ಇನ್ನೊಂದೆಡೆ ಒಂದು ಚೊಂಬು ನೀರು ಕುಡಿದರೆ ಅರ್ಧ ಕಿಲೋ ಏರಿಕೆ. ಉಪ್ಪು ಹೆಚ್ಚಾದ ಊಟದ ಮರುದಿನ ಶರೀರ ನೀರನ್ನು ಹಿಡಿದಿಡುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಗ್ಲೈಕೊಜನ್ ಪ್ರತಿ ಗ್ರಾಮಿಗೂ ಸುಮಾರು 3 ಗ್ರಾಂ ನೀರನ್ನು ಜೊತೆಗಿಟ್ಟುಕೊಂಡಿರುತ್ತದೆ. ಉಪವಾಸದ ಮೊದಲ ದಿನಗಳಲ್ಲಿ ಅದು ಕರಗಿದಾಗ ಒಂದೆರಡು ಕಿಲೋ ತಟ್ಟನೆ ಇಳಿಯುವುದೂ, ಊಟ ಮಾಡಿದೊಡನೆ ಮರಳುವುದೂ ಇದರಿಂದಲೇ. ಹೀಗೆ ದಿನದೊಳಗೆ ಒಂದರಿಂದ ಎರಡು ಕಿ.ಗ್ರಾಂ ಏರಿಳಿತ ಸಹಜ. ಆರಂಭದಲ್ಲಿ ಹೇಳಿದ 900 ಗ್ರಾಂ ಬಹುಮಟ್ಟಿಗೆ ನೀರು. ತಕ್ಕಡಿ ಸರಿಯಾಗಿಯೇ ಇದ್ದಿರಬಹುದು. ಏಳು ದಿನಗಳ ತೂಕದ ಸರಾಸರಿ ತೆಗೆದರೆ ಇಂತಹ ಅಡ್ಡಾದಿಡ್ಡಿ ಏರಿಳಿತ 7ರ ವರ್ಗಮೂಲದಷ್ಟು, ಎಂದರೆ ಸುಮಾರು 2.6 ಪಟ್ಟು ತಗ್ಗುತ್ತದೆ. ವಾರಕ್ಕೆ ಅರ್ಧ ಕಿಲೋದ ಇಳಿಕೆ ಆಗ ಕಣ್ಣಿಗೆ ಬೀಳುತ್ತದೆ.

ಆದರೆ ಆ ನೀರೇ ಮುಖ್ಯವಾಗುವ ಜನರಿದ್ದಾರೆ. ಹೃದಯ ದುರ್ಬಲಗೊಂಡವರಲ್ಲಿ ನೀರು ಶರೀರದಲ್ಲಿ ನಿಲ್ಲತೊಡಗಿದಾಗ ಕಾಲು ಊದುವ, ಉಸಿರು ಕಟ್ಟುವ ಮೊದಲೇ ತೂಕ ಏರಬಹುದು. ಮೂರು ದಿನಗಳಲ್ಲಿ ಎರಡು ಕಿಲೋಗ್ರಾಮಿಗೂ ಹೆಚ್ಚು ಏರಿದರೆ ತಿಳಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಎರಡು ಸರದಿಗಳ ನಡುವೆ ಏರಿದ ತೂಕವೇ ಎಷ್ಟು ನೀರು ತೆಗೆಯಬೇಕೆಂಬುದಕ್ಕೆ ಮುಖ್ಯ ಆಧಾರ. ಮನೆಯ ತಕ್ಕಡಿ ಆಸ್ಪತ್ರೆಯದಕ್ಕಿಂತ ಒಂದು ಕಿಲೋ ಹೆಚ್ಚು ತೋರಿಸಿದರೂ ಪ್ರತಿದಿನ ಅಷ್ಟೇ ಹೆಚ್ಚು ತೋರಿಸಿದರೆ ಅದು ಉಪಯುಕ್ತ. ನಿಂತ ಜಾಗಕ್ಕೆ ತಕ್ಕಂತೆ ಒಂದು ಕಿಲೋ ಅತ್ತಿತ್ತ ಓಲಾಡುವ ತಕ್ಕಡಿ, ಸರಾಸರಿಯಲ್ಲಿ ಸರಿಯಿದ್ದರೂ, ಇಲ್ಲಿ ಅಪಾಯಕಾರಿ. ಬೆಳಗ್ಗೆ ಒಂದು ತಕ್ಕಡಿ, ಸಂಜೆ ಇನ್ನೊಂದು ಎನ್ನುವುದಂತೂ ಕೂಡದು.

ಮಕ್ಕಳ ವಿಷಯ ಇನ್ನೂ ಬಿಗಿ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಮಾನಕದಲ್ಲಿ ಗಂಡುಮಗುವಿನ ಮಧ್ಯಕ ತೂಕ 12 ತಿಂಗಳಿಗೆ 9.6 ಕಿ.ಗ್ರಾಂ, 24 ತಿಂಗಳಿಗೆ 12.2 ಕಿ.ಗ್ರಾಂ. ತಿಂಗಳಿಗೆ ಸರಾಸರಿ 215 ಗ್ರಾಂ ಏರಿಕೆ. ಅಂಗನವಾಡಿಗಳಲ್ಲಿ ಬಹುಕಾಲ ಬಳಸಿದ, ಚಡ್ಡಿಯಂತಹ ಜೋಳಿಗೆಯಲ್ಲಿ ಮಗುವನ್ನು ತೂಗುಹಾಕುವ ದುಂಡು ಸಾಲ್ಟರ್ ತಕ್ಕಡಿಯಲ್ಲಿ ಗೆರೆಗಳ ಅಂತರವೇ 100 ಗ್ರಾಂ. ಅಳುತ್ತ ಒದೆಯುವ ಮಗುವಿನೊಡನೆ ಮುಳ್ಳು ಕುಣಿಯುತ್ತದೆ. ತಾಯಿ ಮಗುವನ್ನೆತ್ತಿಕೊಂಡು ಮನೆತಕ್ಕಡಿಯಲ್ಲಿ ನಿಂತು, ಅನಂತರ ಒಬ್ಬಳೇ ನಿಂತು ಕಳೆಯುವ ಪದ್ಧತಿಯೂ ಇದೆ. ಅಲ್ಲಿ ಎರಡು ಓದುಗಳ ದೋಷ ಒಂದೇ ಉತ್ತರದಲ್ಲಿ ಸೇರುತ್ತದೆ. ಪ್ರತಿ ಓದನ್ನೂ 100 ಗ್ರಾಂಗೆ ಪೂರ್ಣಗೊಳಿಸುವುದರಿಂದಲೇ ವ್ಯತ್ಯಾಸದಲ್ಲಿ 100 ಗ್ರಾಂವರೆಗೆ ತಪ್ಪಬಹುದು. ಮಗುವಿನ ತಿಂಗಳ ಬೆಳವಣಿಗೆಯ ಅರ್ಧದಷ್ಟು! ಒಂದು ತಿಂಗಳ ಚುಕ್ಕಿ ಕೆಳಗಿಳಿದುದನ್ನು ನೋಡಿ ತಾಯಿಯನ್ನು ಗದರುವ ಮುನ್ನ ಮತ್ತೊಮ್ಮೆ ತೂಗಬೇಕು. ಎರಡು ಮೂರು ತಿಂಗಳು ರೇಖೆ ಚಪ್ಪಟೆಯಾಗಿಯೇ ಉಳಿದರೆ ಮಾತ್ರ ತಕ್ಕಡಿಯ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಾರದು.

ನಿಮ್ಮ ತಕ್ಕಡಿಯನ್ನು ಪರೀಕ್ಷಿಸುವುದು ಕಷ್ಟವಲ್ಲ, ಶಾಲೆಯಲ್ಲಿ ಒಂದು ಅವಧಿಯ ಕೆಲಸ. ಗಟ್ಟಿಯಾದ ಸಮತಟ್ಟು ನೆಲ ಆರಿಸಿ, ಒಬ್ಬನೇ ಹತ್ತು ಬಾರಿ ಹತ್ತಿ ಇಳಿದು ಅಂಕೆಗಳನ್ನು ಬರೆಯಿರಿ. ಹಳೆಯ ಅಂಕೆಯನ್ನೇ ಮರುಕಳಿಸುವ ತಕ್ಕಡಿಯನ್ನು ಹಿಡಿಯಲು ಪ್ರತಿ ಬಾರಿಯ ನಡುವೆ ಬೇರೊಬ್ಬರು ಹತ್ತಬೇಕು. ಹತ್ತು ಅಂಕೆಗಳ ಹರವು ಪುನರಾವರ್ತನೀಯತೆಯನ್ನು ಹೇಳುತ್ತದೆ. ಅನಂತರ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಸರಿದು ನಿಂತು ನೋಡಿ. ಕೊನೆಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಒಂದು, ಎರಡು, ಐದು ಕಿಲೋ ಬಟ್ಟುಗಳನ್ನು ಪರಿಚಯದ ಅಂಗಡಿಯಿಂದ ಎರವಲು ತಂದು ಕೈಯಲ್ಲಿ ಹಿಡಿದು ನಿಲ್ಲಿ. ಏರಿಕೆ ಸರಿಯಾಗಿ ಒಂದು, ಎರಡು, ಐದು ಆಗುತ್ತದೆಯೆ ಎಂದು ನಕ್ಷೆ ಎಳೆಯಿರಿ.

ಮುಳ್ಳಿನ ತಕ್ಕಡಿ ಚೆನ್ನಾಗಿ ಎಣ್ಣೆ ಹಾಕಿದ ಸ್ಥಿತಿಯಲ್ಲಿ ಸಿಕ್ಕರೆ ಇನ್ನೊಂದನ್ನು ನೋಡಬಹುದು. ಉಸಿರು ಹಿಡಿದು ಅಲುಗಾಡದೆ ನಿಂತು ಮುಳ್ಳನ್ನೇ ಗಮನಿಸಿ. ಅದು ಸಣ್ಣಗೆ ನಡುಗುತ್ತಿರುತ್ತದೆ, ನಾಡಿಯ ಬಡಿತಕ್ಕೆ ಸರಿಯಾಗಿ. 1877ರಲ್ಲಿ ಜೆ. ಡಬ್ಲ್ಯು. ಗಾರ್ಡನ್ ಎಂಬಾತ ಸ್ಪ್ರಿಂಗಿನ ತೂಕದ ಯಂತ್ರದ ಮೇಲೆ ನಿಂತಾಗ ಇದನ್ನು ಕಂಡು ಲೇಖನ ಬರೆದ. ಹೃದಯ ರಕ್ತವನ್ನು ಮೇಲಕ್ಕೆ ದೂಡಿದಾಗ ಶರೀರಕ್ಕೆ ಕೆಳಮುಖವಾಗಿ ಪ್ರತಿಬಲ ಸಿಗುತ್ತದೆ, ನ್ಯೂಟನ್ನನ ಮೂರನೆಯ ನಿಯಮದಂತೆ. ಎಲೆಕ್ಟ್ರಾನಿಕ್ ತಕ್ಕಡಿಗೂ ಈ ನಡುಕ ತಿಳಿಯುತ್ತದೆ. ಅದು ಕೆಲವು ಕ್ಷಣಗಳ ಓದುಗಳನ್ನು ಸರಾಸರಿ ಮಾಡಿ, ನಡುಕವನ್ನು ಅಳಿಸಿ, ಒಂದೇ ಅಂಕೆಯನ್ನು ಪರದೆಯ ಮೇಲೆ ನಿಲ್ಲಿಸುತ್ತದೆ.